ಡಬಲ್ ಬೆಲ್

ಕನ್ನಮವಾರ ನಗರದ ಈ ಒಂದೂವರಿ ಖೋಲ್ಯಾಗ
ರಾತ್ರಿ ಹನ್ನೆರಡಾದ ಮ್ಯಾಲ
ಕಪಾಟಿನಿಂದ ಗ್ಯಾಸಿನ ಸಿಲಿಂಡರಿಗೆ ಒಂಬತ್ತು ಹೆಜ್ಜಿ,
ಸಿಲಿಂಡರಿನಿಂದ ಕಪಾಟಿಗೆ ಹನ್ನೊಂದು.
ಹೊಳ್ಳಿ ಬರೂವಾಗ ಯಾಕ ಎರಡು ಹೆಚ್ಚು?
ಕೇಳಿದ್ರ "ಟ್ರಾಫಿಕ್" ಅಂತಾರ ಇವರು,
ಬಾಯಿಗೆ ಕಿವಿ ಹಚ್ಚಿದ್ರಷ್ಟ ಕೇಳೂವಂಥ ಧ್ವನಿಯೊಳಗ.

"ಮೀನಖಂಡದಾಗ ಯಾರೋ ಸಣ್ಣಗ ದಾರ ಎಳದಂಗ.
ನೋವಲ್ಲ ಮತ್ತ, ನೋವಾಗಿದ್ರ ಕುಂಡರತಿದ್ದೆ."
ಎಳ್ಳೆಣ್ಣಿ ಬಿಸಿ ಮಾಡತೇನಿ. ತಿಕ್ಕೂತನಕ ಸುಮ್ಮನಿರತಾವ,
ಕೈ ತಗದ್ರ ಮತ್ತ ಶುರು.
ಕೆಳಗಿನ ಮನಿ ಪೆಡಣೇಕರ ಬಾಯಿ ನಳದ ಹತ್ರ ಕೇಳತಾಳ:
ರಾತ್ರಿ ಏನ ಕುಟ್ಟತೀರಿ, ಮಸಾಲಿ?

ಹಗಲು ಇದ ಕಾಲು
ಮೋರಿ ಹೊಸ್ತಿಲಕ್ಕ ಬಂದು ಅಂಟಿ ನಿಂದರತಾವ.
ಎರಡಿಂಚಿನ ಕಲ್ಲು. ಹಿಂದ ನಾನು, ಟವೆಲ್ ಹಿಡಕೊಂಡು.
ಮೂವತ್ತೊಂದು ವರ್ಷ
ಓಡೂ ಬಸ್ಸಿನ್ಯಾಗ ಏನೂ ಹಿಡೀದ ನಿಂತ ಕಾಲು.
ಪಾರ್ಕಿನ್ಸನ್ ಅಂತ ಡಾಕ್ಟರ್ ಅಂದಾಗ
ನನಗ ಪಾರ್ಕಿಂಗ್ ಅಂತ ಕೇಳಿಸಿತ್ತು.

ನಿದ್ದಿ ಹತ್ತಿದ ಮ್ಯಾಲ ಬ್ಯಾರೇನ ಕಥಿ.
ನಸುಕಿನ ಮೂರಕ್ಕ ಒಮ್ಮೆಲೆ
"ಪುಢೇ ಚಲಾ! ಮುಂದ ಜಾಗಾ ಐತಿ, ನಡೀರಿ!"
ಲಗ್ನಾದ ವರ್ಷ ನಾ ಕೇಳಿದ ಧ್ವನಿ,
ಘಾಟಕೋಪರದ ಗದ್ದಲ ಸೀಳಿ
ಹಿಂದಿನ ಬಾಗಲತನಕ ಮುಟ್ಟತಿದ್ದ ಧ್ವನಿ.
ಒದೀತಾರ. ಫುಟ್‌ಬೋರ್ಡಿನ ಮ್ಯಾಲಿದ್ದ ಯಾರನ್ನೋ ಒಳಗ ಎಳೀತಾರ.
ಒಂದಿನ ನನ್ನ ಹೆರಳು ಹಿಡದು
ಜಗ್ಗಿದ್ರು, ಎರಡು ಸಲ.
ಅಳೂ ಬದಲಿ ನಗು ಬಂತು:
ಗಂಟಿ ಹಗ್ಗ ಅನಕೊಂಡಾರ!
ಬೆಳಿಗ್ಗೆ ನನ್ನ ಗದ್ದದ ಮ್ಯಾಲಿನ ನೀಲಿ ನೋಡಿ
ಚಹಾ ಕುಡೀಲಿಲ್ಲ ಇವರು.
ಕಪ್ಪು ನಡಗತಿತ್ತು. ಅದು ದಿನಾ ನಡಗತೈತಿ,
ಅವತ್ತಿನ ನಡಗು ಬ್ಯಾರೆ.

ಗುಳಿಗಿ ಬರದ್ರು. ಚೂರಷ್ಟು, ತಿಳಿಗುಲಾಬಿ.
ಮಂಚ ಗ್ವಾಡಿಗೆ ಸರಸ್ರಿ, ನೀವು ಕೆಳಗ ಮಲಗ್ರಿ ಅಂದ್ರು.
ಹಂಗ ಮಾಡಿದೆ.
ಬಸ್ಸು ನಿಂತತು.
ಖೋಲಿ ತುಂಬ ಬರೇ ರಾತ್ರಿ. ನನಗ ನಿದ್ದಿ ಇಲ್ಲ.

ಇದನ್ನ ಯಾರಿಗೂ ಹೇಳಿಲ್ಲ:
ಗುಳಿಗಿ ಮುಗದ ದಿನ ಮೆಡಿಕಲ್ ತೆರದಿತ್ತು.
ನಾ ಮೇಥಿ ಸೂಡು ತಗೊಂಡು ಹೊಳ್ಳಿ ಬಂದೆ.
ಮಂಚದ ಸುತ್ತ ತಲಿಗಿಂಬು ಇಟ್ಟು, ಹೆರಳು ತುರುಬು ಕಟ್ಟಿ
ನೆಲದ ಮ್ಯಾಲ ಕುಂತೆ, ಮೂರಾಗೂತನಕ.
ಬಂತು. ಮುಲುಂಡದಿಂದ ಹೊರಟಿತ್ತು.
"ತಿಕೀಟ್! ಚಿಲ್ಲರ ಕೊಡ್ರಿ, ನೋಟು ಬ್ಯಾಡ."
ಕತ್ತಲದಾಗ ಕೈ ಚಾಚಿ
ಒಂದು ಕೊಡ್ರಿ ಅಂದೆ.
ಎಲ್ಲಿ ಇಳಿಯೂದು ಹೇಳಲಿಲ್ಲ.

ಮರುದಿನ ಗುಳಿಗಿ ತಂದೆ.
ಮೋರಿ ಹೊಸ್ತಿಲದಾಗ ಕಾಲು ಅಂಟಿದಾಗ
ಚಮಚಾದಿಂದ ಸ್ಟೀಲಿನ ಗ್ಲಾಸಿಗೆ ಬಡದೆ:
ಟಿಣ್, ಟಿಣ್.
ಬಲಗಾಲು ಎದ್ದಿತು.
ದಾಟಿದ ಮ್ಯಾಲ ಹೊಳ್ಳಿ ನೋಡಿ ಏನೋ ಅಂದ್ರು.
ಬಕೀಟಿಗೆ ನೀರು ಬೀಳತಿತ್ತು, ಕೇಳಸಲಿಲ್ಲ.