ಏಳು ಜನ ಸಾಲಾಗಿ ಬಂದರು

ಬಕ್ಕಪ್ಪ ಮೇಸ್ತ್ರಿ ಟಿವಿಯ ಸದ್ದು ಪೂರಾ ಇಳಿಸಿದರು.
"ಭಾಷೆ ತಿಳಿಯಲ್ಲ, ನಡಿಗೆ ತಿಳೀತದೆ."
ಕೆಂಪು ಹಾಸಿನ ಮೇಲೆ ಏಳು ಜನ ಸಾಲಾಗಿ ಬಂದರು,
ಕಪ್ಪು ಕೋಟು, ಅಳೆದಿಟ್ಟ ಹೆಜ್ಜೆ,
ಒಬ್ಬರ ತಲೆಯಲ್ಲೂ ಒಂದು ಬಿಳಿ ಎಳೆಯಿಲ್ಲ.
"ಹೊಸ ತಲೆಮಾರಂತೆ," ದುರುಗೋಜಿ ಪೇಪರು ಓದಿದ,
"ಎಲ್ಲಾ ಅರವತ್ತರ ಆಚೀಚೆ."
ಮೇಸ್ತ್ರಿ ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು:
"ಎಷ್ಟು ಡಬ್ಬಿ ಬಣ್ಣ ಖರ್ಚಾಯ್ತೋ ಇವತ್ತು!"

ಪಾಡ್ಯದ ಮಾರನೇ ಬೆಳಗ್ಗೆ.
ಆಜಾದ್ ನಗರದ ಓಣಿ ತುಂಬ ಪಟಾಕಿಯ ಚಿಂದಿ.
ಸಂಘದ ಮಹಾಸಭೆಗೆ ಹದಿನೆಂಟು ಕುರ್ಚಿ, ಹನ್ನೊಂದು ಜನ,
ಒಂದು ಪೊಟ್ಟಣ ಮಿರ್ಚಿ, ಮಂಡಕ್ಕಿ ಮಾತ್ರ ಬೇಕಾದಷ್ಟು.

ಎರಡನೇ ಪಾಳಿ ಮುಗಿಸಿ ಬಂದು
ಈ ಮನುಷ್ಯ ರಾತ್ರಿಯೆಲ್ಲ ರೇಡಿಯೋದ ಮುಳ್ಳು ತಿರುವುತ್ತಿದ್ದರಂತೆ,
ಗೊರಗೊರ ಸದ್ದಿನ ನಡುವೆ ಪೀಕಿಂಗ್ ಸಿಗುವವರೆಗೆ.
ಅಂಚೆಯಲ್ಲಿ ಬರುತ್ತಿದ್ದ ನುಣುಪು ಕಾಗದದ ಪತ್ರಿಕೆಗಳು
ಓದಿ ಮುಗಿದ ಮೇಲೆ ಹಮಾಲರ ಮಕ್ಕಳಿಗೆ.
ನನ್ನ ಮೂರನೇ ಕ್ಲಾಸಿನ ಲೆಕ್ಕದ ಪುಸ್ತಕಕ್ಕೆ
ಟ್ರ್ಯಾಕ್ಟರ್ ಮೇಲೆ ಕೂತು ನಗುವ ಹುಡುಗಿಯ ಹೊದಿಕೆ.
ಭಾಗಾಕಾರ ಬಾರದಾಗೆಲ್ಲ ಅವಳ ಮುಖ ನೋಡುತ್ತಿದ್ದೆ.
ಈಗ ಅವಳಿಗೂ ವಯಸ್ಸಾಗಿರಬೇಕು;
ಅವಳ ಮಗ ಯಾವ ಕಾರ್ಖಾನೆಯಲ್ಲೋ,
ಯಾವ ಪಾಳಿಯಲ್ಲೋ.

ಆ ಪಾಳಿ ಒಂದು ಕಡಿಮೆಯಾದರೆ
ಇಲ್ಲಿ ಹತ್ತಿ ಮಾರ್ಕೆಟ್ಟಿನ ಹಮಾಲಿ
ಹತ್ತು ಅಂಡಿಗೆ ಕಡಿಮೆ ಹೊರುತ್ತಾನೆ.
ಹೊರದ ಭಾರವೇ ಬೆನ್ನಿಗೆ ಹೆಚ್ಚು ಅಂತಿದ್ದ ಅಪ್ಪ.
ಸಾಹುಕಾರ ಚೀನಾದ ಕಡೆ ಕೈ ತೋರಿಸುತ್ತಾನೆ,
ಅಶೋಕ ಟಾಕೀಸಿನ ರೈಲ್ವೆ ಗೇಟಿನ ಆಚೆಗೇ ಇದ್ದಹಾಗೆ.

"ಪರದೆ ಹಿಂದೆ ಯಾರು ಯಾರನ್ನ ಆರಿಸಿದರೋ,
ಹೊರಗೆ ಬರೋ ಸಾಲು ಮಾತ್ರ ನಮಗೆ," ಅಂದ ನಾಗೇಂದ್ರಸಾ,
ಅಂದವನೇ ಎದ್ದು ನನ್ನ ಹೆಸರು ಸೂಚಿಸಿದ.
ದುರುಗೋಜಿ ಅನುಮೋದಿಸಿದ.
ಎದುರಿಲ್ಲ.
ಎಲ್ಲರೂ ಟಿವಿಯನ್ನೇ ನೋಡುತ್ತಿದ್ದರು.

ಆಮೇಲೆ ತಿಳಿಯಿತು,
ಎಲ್ಲ ನಿಕ್ಕಿಯಾಗಿದ್ದು ಹೋದ ಭಾನುವಾರ
ಮೇಸ್ತ್ರಿ ಮನೆಯ ಅಡಿಗೆಕೋಣೆಯಲ್ಲಿ,
ಬಾಗಿಲಿಗೆ ಹಳೇ ಸೀರೆಯ ಪರದೆ.
ನಮ್ಮ ದೊಡ್ಡ ಸಭಾಂಗಣ ಅದೇ.

"ಫೈರೋಜಾ, ತಗಳವ್ವ."
ಬೀಗದ ಕೈ ಗೊಂಚಲು. ಒಂಬತ್ತು.
ಒಂದು ಬೀರುವಿನದು, ಒಂದು ಬಾಗಿಲಿನದು.
ಉಳಿದ ಏಳು?
ಅವರು ಒಂದೊಂದೇ ಮುಟ್ಟಿದರು:
ಮಿಲ್ಲಿನ ಕ್ಯಾಂಟೀನು, ಸೈಕಲ್ ಸ್ಟ್ಯಾಂಡು, ಸೊಸೈಟಿ ಅಂಗಡಿ...
ಬೀಗವೇ ಇಲ್ಲದ ಕೈಗಳು.
ಆ ಜಾಗದಲ್ಲಿ ಈಗ ಲೇಔಟ್ ಆಗಿ ಮನೆಗಳೆದ್ದಿವೆ.
"ಎಸೆಯೋಣವಾ?" ಅಂದೆ.
ಮೇಸ್ತ್ರಿ ಉತ್ತರ ಕೊಡಲಿಲ್ಲ. ಮಿರ್ಚಿಯ ತೊಟ್ಟು ಕಿತ್ತರು.

ಕುರ್ಚಿ ಗಟ್ಟಿಯಿದ್ದಾಗ ಯಾರೂ ಏಳುವುದಿಲ್ಲ.
ಕಾಲು ಅಲ್ಲಾಡತೊಡಗಿದಾಗ
"ಇನ್ನು ಹೊಸಬರು ಬರಲಿ" ಅನ್ನುತ್ತಾರೆ,
ಅಲ್ಲೂ, ಇಲ್ಲೂ.
ಬೀರುವಿನಲ್ಲಿ ಸಾವಿರದ ನೂರ ನಲವತ್ತು ರೂಪಾಯಿ,
ಒಂದು ಸವೆದ ರಬ್ಬರ್ ಮೊಹರು,
ಗೆದ್ದಲು ಬಿಟ್ಟುಕೊಟ್ಟಷ್ಟು ದಫ್ತರು.

ನನಗೆ ನಲವತ್ತೊಂದು. ಕಿವಿಯ ಮೇಲೆ ನಾಲ್ಕು ಬಿಳಿಗೂದಲು,
ಬಟ್ಟಿಯ ಬೂದಿ ಅಂದುಕೊಂಡು ಎಷ್ಟೋ ಸಲ ಒರೆಸಿದ್ದೇನೆ.
ನಾನೇ ಹೊಸ ತಲೆಮಾರು.

ಟಿವಿಯಲ್ಲಿ ಏಳು ಜನ ಕೈ ಬೀಸಿ ಒಳಗೆ ಹೋದರು.
ಖಾಲಿ ಹಾಸಿನ ಮೇಲೆ ಯಾರೋ ಒಬ್ಬ
ಮೈಕಿನ ವೈರು ಸುತ್ತುತ್ತಿದ್ದ. ಅವನನ್ನು
ನಾನೊಬ್ಬಳೇ ನೋಡಿದೆ ಅನಿಸುತ್ತದೆ.

ರಾತ್ರಿ ಮೂರಕ್ಕೆ ಬಟ್ಟಿ.
ಸಂಘಕ್ಕೆ ಯಾರಾದರೇನು, ಒಲೆ ಹಚ್ಚಬೇಕು.
ಮೊದಲ ದಿನವೇ ಕೂಲಿಯ ಮಾತು ಎತ್ತಲೋ ಬೇಡವೋ,
ಹೊಟ್ಟು ತಳ್ಳುತ್ತ ಯೋಚಿಸಿದೆ.
ಅಕ್ಕಿ ಅರಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ,
ಎಲ್ಲರೂ ನೋಡುವುದು ಅದನ್ನೇ.
ಅದಕ್ಕೂ ಮೊದಲು ಕತ್ತಲಲ್ಲಿ
ಮರಳು ಕಾಯಬೇಕು.
ನಾನೂ ಕಾಯುತ್ತ ಕೂತೆ, ಸೊಂಟದಲ್ಲಿ ಒಂಬತ್ತು ಬೀಗದ ಕೈ,
ಬಗ್ಗಿದಾಗೆಲ್ಲ ಸದ್ದು ಮಾಡುತ್ತಿದ್ದವು.