ಶುಕ್ರವಾರದ ಇಳಿತ

ತೂಬ್ಲಿ ಕೊಲ್ಲಿಯ ನೀರು ಐದೂಕಾಲಿಗೇ ಹಿಂದೆ ಸರಿದಿತ್ತು.
ವ್ಯಾನಿನಿಂದ ಇಳಿದವರು ಹನ್ನೊಂದು ಜನ,
ಎಲ್ಲರಿಗೂ ಒಂದೇ ಅಳತೆಯ ಗಂಬೂಟು.
ಎರಡು ಜೊತೆ ಕಾಲುಚೀಲ ತೊಟ್ಟರೂ
ಒಳಗೆ ನನ್ನ ಪಾದ ಲೊಡಲೊಡ.

ರಾತ್ರಿ ಪಾಳಿ ಮುಗಿಸಿ ಹಾಗೇ ಬಂದವಳು.
ಆರು ದಿನ ಕಾರ್ಖಾನೆಯಲ್ಲಿ ಕಡಲ ಉಪ್ಪು ತೆಗೆದು
ಊರಿಗೆ ಕುಡಿಯುವ ನೀರು ಕಳಿಸುವ ಕೆಲಸ,
ನಳಿಗೆಯಲ್ಲಿ ಹನಿ ಹಿಡಿದು, ಅಂಕಿ ಬರೆದು, ಸಹಿ ಹಾಕುವುದು.
ಒಂಬತ್ತು ವರ್ಷ. ಕಡಲನ್ನು ಮುಟ್ಟಿದ್ದಿಲ್ಲ.

"ಇದು ಕುರ್ಮ್" ಎಂದಳು ಮುಂದಾಳು ಬುದೂರ್,
ಶಾಲೆಯಲ್ಲಿ ಭೂಗೋಳ ಕಲಿಸುವಾಕೆ.
ನಮ್ಮಲ್ಲಿ ಕಾಂಡ್ಲ, ಎಂದೆ.
ಹೊಳೆಬಾಯಲ್ಲಿ ಚಿಪ್ಪು ಹೆಕ್ಕುವಾಗ ಇದರ ಬೇರು ಚುಚ್ಚಿದ ಕಲೆ
ಅಂಗಾಲಲ್ಲಿ ಇನ್ನೂ ಇದೆ ಮಾರಾಯ್ತಿ.
ಅವಳು ಎರಡು ಸಲ ಹೇಳಿ ನೋಡಿದಳು, ಕಾಂದ್ಲಾ, ಕಾಂದ್ಲಾ,
ಹುಟ್ಟಿದ ಮಗುವಿನ ಹೆಸರು ನಾಲಗೆಗೆ ರೂಢಿ ಮಾಡುವಂತೆ.

ಕೆಸರಿನಿಂದ ಮೇಲೆದ್ದ ಉಸಿರುಬೇರು
ಸೀಸದಕಡ್ಡಿ ನೆಟ್ಟಂತೆ ಸಾವಿರ ಸಾವಿರ.
ನಡುನಡುವೆ ಕರಕ್ ಚಹಾದ ಲೋಟ, ಒಂಟಿ ಚಪ್ಪಲಿ,
ಅಕ್ಕಿಯ ಚೀಲ, ಅದರ ಮೇಲಿನ ಆನೆಗೆ ಇನ್ನೂ ನಗು,
ಮತ್ತೆ ಬಲೆ. ಬಲೆ. ಎಳೆದಷ್ಟೂ ಬಲೆ.

ನಾನೂ ರೊವೀನಾಳೂ ಒಂದೊಂದು ತುದಿ ಹಿಡಿದು
ಹಗ್ಗಜಗ್ಗಾಟದ ಹುರುಪಲ್ಲಿ ಜಗ್ಗಿದೆವು.
"ಹಾಗಲ್ಲ! ಹಾಗಲ್ಲ!"
ದಂಡೆಯಿಂದ ಕೂಗಿದವನು ಕಿತ್ತಳೆ ಅಂಗಿಯವ,
ಸೈಕಲ್ಲಿಗೆ ಪೊರಕೆ ಕಟ್ಟಿಕೊಂಡ ಪುರಸಭೆಯ ಜಲಾಲುದ್ದೀನ್,
ಭೋಲಾ ದ್ವೀಪದವನಂತೆ. ಮುರುಕು ಹಿಂದಿಯಲ್ಲಿ ಬೈದ:
ಬೇರು ಮುರಿದರೆ ಮರ ಉಸಿರುಕಟ್ಟಿ ಸಾಯ್ತದೆ.
ಗಂಬೂಟು ನೋಡಿದ, ಟೀಶರ್ಟಿನ ಮೇಲಿನ ಬ್ಯಾಂಕಿನ ಮುದ್ರೆ ನೋಡಿದ,
ನಕ್ಕ. ನನ್ನ ಕೆಲಸ ನಿಮಗೆ ರಜೆಯ ಖುಷಿ.

ಉತ್ತರ ಯಾರಲ್ಲೂ ಇರಲಿಲ್ಲ.
ಬುದೂರ್ ತನ್ನ ಕೈಗವಸು ಕಳಚಿ ಚಾಚಿದಳು.
ಬೇಡವೆಂದ. ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಇಳಿದ,
ಕೂದಲ ಸಿಕ್ಕು ಬಿಡಿಸುವ ಹಾಗೆ
ಬುಡದಿಂದಲ್ಲ, ತುದಿಯಿಂದ,
ಒಂದು ಬೇರು, ಒಂದು ಗಂಟು, ಒಂದು ಬೇರು.

ಬಲೆಯ ಕೊನೆಗೆ ಸಿಕ್ಕಿದ್ದು ತಂತಿಯ ಗರ್ಗೂರ್,
ಯಾವ ಕಾಲದಲ್ಲೋ ಯಾರೋ ಇಳಿಸಿ ಮರೆತ ಮೀನುಬೋನು.
ಇಟ್ಟವರು ಮರೆತರೂ ಬೋನಿನ ಬಾಯಿ ಮರೆಯದು:
ಒಳಗೆ ಮುಳ್ಳು, ಮುಳ್ಳಿನ ಮೇಲೆ ಮುಳ್ಳು,
ಮೂಲೆಯಲ್ಲಿ ಜೀವಂತ ಏಡಿಯೊಂದು
ಬಿಡಿಸಲು ಬಂದ ಕೈಗೇ ಇಕ್ಕಳ ಎತ್ತಿ ನಿಂತಿತ್ತು.
ಜಲಾಲುದ್ದೀನ್ ತಂತಿ ಬಗ್ಗಿಸಿದ.
"ಹೋಗು, ನಿನಗೆ ಎಕ್ಸಿಟ್ ಆಯ್ತು."
ನಾವು ನಕ್ಕೆವು, ಅವನು ನಗಲಿಲ್ಲ.
ಊರಿಗೆ ಹೋಗಿ ಎಷ್ಟು ವರ್ಷವಾಯ್ತು, ಕೇಳಬೇಕೆಂದಿದ್ದೆ;
ಅಷ್ಟರಲ್ಲಿ ನೀರು ಏರತೊಡಗಿತು.

ಒಂಬತ್ತಕ್ಕೆ ತೂಕ: ಇನ್ನೂರ ಹನ್ನೆರಡು ಕಿಲೋ.
ಚೀಲಗಳ ಹಿಂದೆ ನಿಂತು ಫೋಟೋ.
ಕರೆದರೆ, ಸೂಪರ್‌ವೈಸರ್ ನೋಡಿದರೆ ಕಷ್ಟ ಎಂದು
ತಾನೇ ಮೊಬೈಲು ಹಿಡಿದ.
ಚಿತ್ರದಲ್ಲಿ ನಾವು ಹನ್ನೊಂದೇ ಜನ,
ಗಂಬೂಟುಗಳ ಮೇಲೊಂದು ನೆರಳು.

ಶನಿವಾರ ನಳಿಗೆಯನ್ನು ಬೆಳಕಿಗೆ ಹಿಡಿದಾಗ
ಉಗುರ ಸಂದಿಯಲ್ಲಿ ಕಪ್ಪು ಗೆರೆ.
ಕೈ ತೊಳೆದು ಬಾ, ಎಂದರು ಮೇಲಿನವರು.
ತೊಳೆದೆ,
ಅದೇ ನೀರಿನಲ್ಲಿ.