ಬೆರಕೆ ಸೊಪ್ಪಿನ ಲೆಕ್ಕ

ನಿನ್ನೆ ಎದ್ದಾಗಿನಿಂದ ಮಲಗೋವರೆಗೆ
ಬಾಯಿಗೆ ಹಾಕಿಕೊಂಡಿದ್ದೆಲ್ಲ ಹೇಳಿ, ಅಂದೆ.
ಪಿಳ್ಳಮ್ಮ ನಕ್ಕಳು.
'ಎಲೆಅಡಿಕೇನೂ ಬರ್ಕೊಂತೀಯಾ?'

ಮುಳಬಾಗಿಲಿನಿಂದ ಹನ್ನೊಂದು ಕಿಲೋಮೀಟರು,
ಬಸ್ಸಿಳಿದು ಟೊಮೆಟೊ ಕ್ರೇಟುಗಳ ಸಾಲು ದಾಟಿದರೆ
ಬಂಡೆಯ ಮಗ್ಗುಲಿಗೆ ಊರು. ಮನೆ ನಂಬರು ನಲವತ್ತೇಳು.
ನನ್ನ ಕೈಯಲ್ಲಿ ಟ್ಯಾಬು, ಅದರೊಳಗೆ ಹತ್ತು ಚೌಕ.
ಐದು ತುಂಬಿದರೆ ಹೆಂಗಸು ಪಾಸು.
ಎಲ್ಲರ ಪಾಸು ಫೇಲು ಕೂಡಿ, ಭಾಗಿಸಿ,
ದೇಶದ ಊಟ ಎಷ್ಟು ಗಟ್ಟಿಮುಟ್ಟು ಅಂತ
ದೂರದಲ್ಲಿ ಯಾರೋ ನಕ್ಷೆಗೆ ಬಣ್ಣ ಹಚ್ಚುತ್ತಾರೆ.
ನನಗೆ ಮನೆಗೆ ನೂರಿಪ್ಪತ್ತು ರೂಪಾಯಿ.

ಧಾನ್ಯ? 'ರಾಗಿ.' ಹೌದು.
ಕಾಳು? 'ಅಲಸಂದೆ, ಸೊಪ್ಪಿನ ಜೊತೆ.' ಹೌದು.
ತರಕಾರಿ? 'ಮಂಡಿಯೋರು ಬೇಡ ಅಂದ ಟೊಮೆಟೊ.'
ಯಾರು ಬೇಡ ಅಂದರು ಅನ್ನೋದಕ್ಕೆ ಜಾಗವಿಲ್ಲ. ಹೌದು.
ಮೊಟ್ಟೆ? 'ಕೋಳಿ ಕಾವಿಗೆ ಕೂತೈತೆ, ಅದನ್ನೇ ಕೇಳು.' ಇಲ್ಲ.
ಮಾಂಸ, ಹಣ್ಣು, ಬೀಜ: ಇಲ್ಲ, ಇಲ್ಲ, ಇಲ್ಲ.

ಹಾಲಿಗೆ ಸ್ವಲ್ಪ ತಡೆದಳು.
ಬೆಳಿಗ್ಗೆ ಡೇರಿಗೆ ನಾಲ್ಕು ಲೀಟರು ಹಾಕಿ ಬಂದಿದ್ದಾಳೆ,
ಸೆಕ್ರೆಟರಿ ಗಾಜಿನ ಬುರುಡೆ ತೇಲಿಬಿಟ್ಟು
ಇಪ್ಪತ್ತೆಂಟು ಡಿಗ್ರಿ ಅಂತ ಬರೆದಿದ್ದಾನೆ.
'ಟೀಗೆ ಒಂದು ಹನಿ ಬಿಟ್ಟಿದ್ದೆ. ಹನಿಗೆ ಚೌಕ ಐತಾ?'
ಕೈಪಿಡಿ ತೆಗೆದು ನೋಡಿದೆ:
ಹದಿನೈದು ಗ್ರಾಮಿಗಿಂತ ಕಡಿಮೆಯಾದರೆ ಇಲ್ಲ.
ಇಲ್ಲ.

ಕಳೆದ ತಿಂಗಳು ಊಟಕ್ಕೆ ಸಾಲದೆ
ಪಕ್ಕದ ಮನೆಯಲ್ಲಿ ಕೇಳಿದ್ದುಂಟಾ?
'ಕೇಳಿದ್ದೂ ಉಂಟು, ಕೊಟ್ಟಿದ್ದೂ ಉಂಟು.
ಕೊಡುವಾಗ ಪಾವಿಗೆ ಗೋಪುರ ನಿಲ್ಲಿಸ್ತೀನಿ,
ಈಸ್ಕೊಳುವಾಗ ತಲೆ ಹೊಡೆದು ಈಸ್ಕೊತೀನಿ.
ನೀನು ಯಾವುದು ಬರ್ಕೊಂತೀಯಾ?'

ಹಸಿರು ಸೊಪ್ಪು?

ಆಗ ಮೊರ ತಂದು ಮುಂದಿಟ್ಟಳು.
'ಇದು ಅಣ್ಣೆ. ಇದು ಕನ್ನೆ, ಎರಡೂ ಒಂದೇ ಅಂದ್ಕೋಬೇಡ.
ಹೊನಗೊನೆ ಬಾವಿ ದಂಡೇದು. ಕೆರೆ ಅಂಗಳದ್ದು ನಾನು ಕೀಳಲ್ಲ,
ಆ ನೀರು ಯಾವ ಊರ ಬಚ್ಚಲಿಂದ ಬಂತೋ.
ಮುಳ್ಳುಹರಿವೆ, ಕೈ ನೋಡು ಹೆಂಗೆ ಕೊರೆದೈತೆ.
ಕಾಶಿಸೊಪ್ಪು: ಹಣ್ಣು ಮಕ್ಕಳಿಗೆ, ಎಲೆ ಸಾರಿಗೆ.
ಕೊಮ್ಮೆ ಒಂದೇ ಹಿಡಿ, ಜಾಸ್ತಿಯಾದ್ರೆ ಹೊಟ್ಟೆ ಮಾತಾಡ್ತೈತೆ.
ಇದರ ಹೆಸರು ನಮ್ಮತ್ತೆಗೆ ಗೊತ್ತಿತ್ತು.
ನನಗೆ ಎಲೆ ಗೊತ್ತು, ಅಷ್ಟೇ.'

ಹನ್ನೊಂದು ಬಗೆ. ಎಣಿಸಿದ್ದು ನಾನು.
'ಎಣಿಸೋದಲ್ಲ ಕಣಮ್ಮ ಬೆರಕೆ ಅಂದ್ರೆ.
ಒಂದು ಕಮ್ಮಿಯಾದ್ರೆ ಸಾರೇ ಹೇಳ್ತೈತೆ.'

ಹೌದು, ಅಂತ ಒತ್ತಿದೆ. ಒಂದು ಚೌಕ.
ಒಟ್ಟು ನಾಲ್ಕು. ಫೇಲು.
ಅದನ್ನು ಹೇಳದೆ ಅಲ್ಲೇ ಕೂತು ಉಂಡೆ:
ಒಗರು, ಹುಳಿ, ನುಂಗಿದ ಮೇಲೆ
ನಾಲಿಗೆಯ ಬುಡದಲ್ಲಿ ಒಂದು ಸಣ್ಣ ಕಹಿ.

ಮುಂದಿನ ವರ್ಷ, ಅದೇ ಕಾರ್ತೀಕ, ಎರಡನೇ ಸುತ್ತು.
ಮಳೆ ಚೆನ್ನಾಗೇ ಆಗಿತ್ತು.
ಪಕ್ಕದ ಹೊಲ ಯಾರಿಗೋ ಗುತ್ತಿಗೆಗೆ ಹೋಗಿ
ಬದುವಿನಿಂದ ಬದುವಿಗೆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಹಾಸಿತ್ತು.
ಖಾಲಿ ಕ್ಯಾನೊಂದು ಬೇಲಿಗೆ ತಲೆಕೆಳಗಾಗಿ ನೇತಾಡುತ್ತಿತ್ತು.
'ಬದುವಿಗೂ ಹೊಡೆದವ್ರೆ. ಅವ್ರಿಗೆ ಅದು ಕಳೆ,' ಅಂದಳು,
ಸಿಟ್ಟಿಲ್ಲದೆ, ಗುರುತು ಹೇಳುವವಳ ಹಾಗೆ.

ಮೊಟ್ಟೆ? 'ಅಂಗಡೀದು, ನಿನ್ನೆ ಮೊಮ್ಮಗಳ ಹುಟ್ಟುಹಬ್ಬ.' ಹೌದು.
ಹಸಿರು ಸೊಪ್ಪು?
ಮೊರದಲ್ಲಿ ನಾಲ್ಕು ಬಗೆ.
ಬೆರಳು ಚೌಕದ ಮೇಲೆ ಎಷ್ಟು ಹೊತ್ತು ನಿಂತಿತೋ,
ಪರದೆ ಮಂಕಾಗಿ, ಇನ್ನೂ ಇದ್ದೀರಾ ಅಂತ ಕೇಳಿತು.
ಹೌದು.

ಐದು. ಪಾಸು.
ಟ್ಯಾಬು ತಾನೇ ಹಸಿರಾಯಿತು.

ಉಣ್ಣು, ಅಂತ ಮುದ್ದೆ ಇಟ್ಟಳು.
ಎರಡನೇ ತುತ್ತಿಗೆ ನನ್ನ ಕೈ ನಿಂತಿತು,
ನಾಲಿಗೆ ಬುಡದಲ್ಲಿ ಏನನ್ನೋ ಕಾಯುತ್ತ.
'ಹೇಳ್ತಾ?' ಅಂದಳು ಪಿಳ್ಳಮ್ಮ,
ಉಪ್ಪಿನ ಡಬ್ಬಿ ಇತ್ತ ತಳ್ಳುತ್ತ.